ಯಾರೂ ಇಳಿಯದ ತಿರುವಿನಲ್ಲಿ ಬಸ್ಸು ನಿಂತಿತು

ಸ್ನೇಹಿತರೇ, ಇವತ್ತು ಮಧ್ಯಾಹ್ನ ಕೊಪ್ಪದಿಂದ ನರಸಿಂಹರಾಜಪುರಕ್ಕೆ ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಹಿಂದುಗಡೆ ಇಬ್ಬರು ಕೂರುವ ಒಂದು ಸೀಟು ಪೂರ್ತಿ ಖಾಲಿ. ಕೂರಲು ಹೋದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ತೋಳು ಹಿಡಿದರು.

"ಕೂರ್ಬೇಡಿ. ಅಲ್ಲಿಗೆ ಜನ ಬರ್ತಾರೆ."

ಕಾಡಿನ ತಿರುವೊಂದರಲ್ಲಿ ಬಸ್ಸು ನಿಂತಿತು. ಅಲ್ಲಿ ಮನೆಯಿಲ್ಲ, ಅಡ್ಡದಾರಿಯೂ ಇಲ್ಲ. ಯಾರೂ ಇಳಿಯಲಿಲ್ಲ. ಕಂಡಕ್ಟರ್ ಬಾಗಿಲು ತೆರೆದು ಹಿಡಿದ. ನಿಂತಿದ್ದವರೆಲ್ಲ ಮಾತು ನಿಲ್ಲಿಸಿ, ಮೈ ಕುಗ್ಗಿಸಿಕೊಂಡು ದಾರಿ ಬಿಟ್ಟರು, ಯಾರೋ ಒಳಗೆ ನಡೆದು ಬರುತ್ತಿರುವ ಹಾಗೆ. ಬಾಗಿಲು ಮುಚ್ಚಿತು. "ರೈಟ್!"

"ಯಾರು ಮಾರಾಯ್ರೆ ಹತ್ತಿದ್ದು?" ಎಂದೆ.

ಕಂಡಕ್ಟರ್ ಸೀಟಿನ ಕಡೆ ನೋಡದೆ ಹೇಳಿದ: "ಬೊಂಬಾಯಿ ಹೋಟ್ಲಲ್ಲಿ ಕೆಲಸಕ್ಕಿದ್ದವನು. ಈಗ ಪೇಪರಲ್ಲಿ ಬರ್ತಿದೆಯಲ್ಲ ಏಡ್ಸ್ ಅಂತ, ಅದೇ ಕಾಯಿಲೆ ಅಂತ ಸುದ್ದಿ. ಹೋದ ವರ್ಷ ಆ ಸೀಟಲ್ಲಿ ಕಿಟಕಿ ಪಕ್ಕ ಕೂತಿದ್ದ. ಜನ ಗಲಾಟೆ ಮಾಡಿದ್ರು. ಜ್ವರ ಬಂದವನನ್ನ ಇಲ್ಲೇ ಇಳಿಸಿದ್ವಿ. ಮಾರನೇ ದಿನ ಇಲ್ಲೇ ಹೆಣ ಸಿಕ್ತು. ಆಮೇಲೆ ದಿನಾ ಈ ತಿರುವಲ್ಲಿ ಇಂಜಿನ್ ಆಫ್ ಆಗೋದು. ಈಗ ನಾವೇ ನಿಲ್ಲಿಸಿ ಹತ್ತಿಸ್ಕೊಳ್ತೀವಿ. ತೊಂದ್ರೆ ಇಲ್ಲ."

ನನಗೆ ಸಿಟ್ಟು ಬಂತು. "ಟಿಕೆಟ್ ತಗೊಂಡವನನ್ನ ದಾರಿ ಮಧ್ಯೆ ಇಳಿಸ್ಬಹುದು ಅಂತ ಯಾವ ಕಾನೂನಲ್ಲಿದೆ?"

"ಯಾವುದ್ರಲ್ಲೂ ಇಲ್ಲ. ಆದ್ರೆ ಅವತ್ತು ಯಾರೂ ಹೀಗೆ ಕೇಳ್ಲಿಲ್ಲ ಮಾರಾಯ್ರೆ."

ಅಂತೂ ಆ ಕಿಟಕಿ ಪಕ್ಕದ ಜಾಗ ಅವನದೇ ಎಂದು ಈಗ ಇಡೀ ಬಸ್ಸು ಒಪ್ಪಿಕೊಂಡಿದೆ. ಆದರೆ ಅದು ಇಬ್ಬರು ಕೂರುವ ಸೀಟು. ಸತ್ತ ಮೇಲೂ ಅವನ ಪಕ್ಕದಲ್ಲಿ ಯಾರೂ ಕೂರುತ್ತಿಲ್ಲ. ಕಾನೂನು ಕೇಳಿದ ನಾನೂ ನರಸಿಂಹರಾಜಪುರದವರೆಗೆ ನಿಂತೇ ಬಂದೆ.