ಆನು ಕುಡಿದ ಕೆರೆ

ಉಲ್ಲಾಸ ಸಿರಸಿಯ ಒಂದು ಪುಸ್ತಕದಂಗಡಿಯಲ್ಲಿ ಸಂಬಳಕ್ಕಿದ್ದ. ಪುಸ್ತಕಗಳ ಧೂಳು ಹೊಡೆಯುವುದು, ಗಂಟು ಕಟ್ಟುವುದು, ಅಂಗಡಿಯ ವ್ಯಾನು ಓಡಿಸುವುದು ಅವನ ಕೆಲಸ. ಓದುವುದು ಅದರಲ್ಲಿ ಸೇರಿರಲಿಲ್ಲ, ಅವನಾಗಿ ಸೇರಿಸಿಕೊಂಡೂ ಇರಲಿಲ್ಲ. ಒಂದು ಸಂಜೆ ಮಾಲೀಕ ರವೀಂದ್ರಣ್ಣ ಅವನನ್ನು ಕರೆದು, "ನಾಳೆ ಬನವಾಸಿಗೆ ಹೋಗಿ ಮಕ್ಕಳ ಸಾಹಿತಿನ ಹತ್ತಿಸ್ಕಂಡು ಉಮ್ಮಚಗಿ ಕಡೆ ಶಾಲೆಗೆ ಕರ್ಕಂಡ್ ಹೋಗು. ಜೋಪಾನ ಮಾರಾಯ" ಎಂದ.

ಮಹಿಳಾ ಸಾಹಿತಿ ಎಂದರೆ ಸಾಹಿತಿಯಾದ ಮಹಿಳೆ. ಅಂದಮೇಲೆ ಮಕ್ಕಳ ಸಾಹಿತಿ ಎಂದರೆ ಸಾಹಿತಿಯಾದ ಮಗು. ಉಲ್ಲಾಸನ ತರ್ಕದಲ್ಲಿ ಎಲ್ಲೂ ತೂತಿರಲಿಲ್ಲ. ಮಗುವಿಗೆ ಕಿಟಕಿಯಾಚೆ ಕಾಣಲಿ ಎಂದು ಮುಂದಿನ ಸೀಟಿಗೆ ದಿಂಬು ಹಾಕಿದ, ಅತ್ತರೆ ಇರಲಿ ಎಂದು ಲಾಲಿಪಪ್ ಕೊಂಡ, ತಿರುವುಗಳಲ್ಲಿ ವಾಂತಿಯಾದೀತೆಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡ. ಬೆಳಿಗ್ಗೆ ಬನವಾಸಿಯ ಬಸ್ ಸ್ಟ್ಯಾಂಡಿನಲ್ಲಿ ಕಂಡದ್ದು ಮಾತ್ರ ಒಬ್ಬ ದಪ್ಪನೆಯ ಹೆಂಗಸು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಚೀಲ.

"ಅಮ್ಮಾ, ಮಗು ಎಲ್ಲಿ?" ಎಂದು ಕೇಳಿದ.

"ಯಾವ ಮಗು?"

"ಅದೇ, ಸಾಹಿತಿ."

"ನಾನ ಸಾಹಿತಿ ಅದೀನೋ ತಮ್ಮಾ!" ಹೆಂಗಸು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಹೊರಟಿದ್ದ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ. ವ್ಯಾನಿನೊಳಗೆ ಇಣುಕಿ, ದಿಂಬು, ಚೀಲ, ಲಾಲಿಪಪ್ ಎಲ್ಲವನ್ನೂ ನೋಡಿ, ಅವಳಿಗೆ ಸಂಗತಿ ಹೊಳೆಯಿತು. ಸಿರಸಿ ಬರುವವರೆಗೆ ದಿಂಬಿನ ಮೇಲೆ ಕೂತು ಲಾಲಿಪಪ್ ಚೀಪಿದಳು. ಇದನ್ನು ಬರೆಯುತ್ತಿರುವವನೂ ಉಲ್ಲಾಸನೇ ಆದ್ದರಿಂದ ಅವನ ಮುಖ ಹೇಗಾಗಿತ್ತು ಎಂಬ ವರ್ಣನೆಯನ್ನು ಇಲ್ಲಿ ಬಿಡಲಾಗಿದೆ.

ಅವಳೇ ಗೌರಕ್ಕ. ಬನವಾಸಿ ಹತ್ತಿರದ ಹಳ್ಳಿಯಲ್ಲಿ ಗಂಡ ಶಂಭುಲಿಂಗನ ಜೊತೆ ಹಿಟ್ಟಿನ ಗಿರಣಿ ನಡೆಸುವವಳು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ದನಿ ಹಾಗಾಗಿದೆ. ಗುಟ್ಟು ಹೇಳಿದರೂ ಅದು ಓಣಿಯ ಕೊನೆಯ ಮನೆಗೆ ಮೊದಲು ತಲುಪುತ್ತದೆ. ಊರಿನ ಹೆಂಗಸರು ಡಬ್ಬಿ ಕೊಟ್ಟು ಕಳಿಸುವುದು ಮಕ್ಕಳನ್ನು. ಸರದಿಗೆ ಕಾದು ಬೇಸತ್ತ ಮಕ್ಕಳು ಹಿಟ್ಟು ಎರಚಿಕೊಂಡು ಜಗಳವಾಡುತ್ತಿದ್ದವು. ಅವುಗಳ ಬಾಯಿ ಮುಚ್ಚಿಸಲು ಗೌರಕ್ಕ ಕಥೆ ಶುರು ಮಾಡಿದಳು. ಬೀಸುವುದು ಮುಗಿದರೆ ಕಥೆಯೂ ಅಲ್ಲಿಗೇ ಬಂದ್. ರಾಜಕುಮಾರಿ ಬಾವಿಯೊಳಗೆ ಇದ್ದರೆ ಬಾವಿಯೊಳಗೇ.

"ಮುಂದ?" ಎಂದು ಮಕ್ಕಳು ಕೂಗುತ್ತಿದ್ದವು.

"ಮುಂದ ನೀವ ಬಾಲ ಹಚ್ಚಿಕೊಂಡು ಬರ್ರಿ. ಚಲೋ ಇತ್ತಂದ್ರ ನಿಮ್ಮ ಡಬ್ಬಿ ಮೊದಲು."

ಸರದಿ ತಪ್ಪಿಸುವ ಆಸೆಗೆ ಆ ಊರಿನ ಮಕ್ಕಳೆಲ್ಲ ಕಥೆಗಾರರಾದರು. ಮನೆಯಲ್ಲಿ ಹಿಟ್ಟಿದ್ದರೂ ಬೊಗಸೆ ಜೋಳ ಕದ್ದು ತರುವವರು ಹುಟ್ಟಿಕೊಂಡರು. ಕೊನೆಗೆ ಶಂಭುಲಿಂಗನೇ, "ನೀ ಇವನ್ನ ಬರದು ಅಚ್ಚು ಹಾಕಿಸಿಬಿಡ ಮಾರಾಯ್ತಿ, ಗಿರಣಿ ಗಿರಣಿಯಾಗಿ ಉಳೀಲಿ" ಎಂದು ಕೈಮುಗಿದ. ಹೀಗೆ ಪುಸ್ತಕಗಳು ಬಂದವು, ಪುಸ್ತಕದ ಹಿಂದೆ ಶಾಲೆಗಳ ಕರೆ ಬಂತು.

ಉಮ್ಮಚಗಿ ಕಡೆಯ ಆ ಶಾಲೆಯಲ್ಲಿ ಪ್ರತಿಭಾ ಟೀಚರ್ ಗೇಟಿಗೇ ಬಂದು ನಿಂತಿದ್ದರು. ಮಕ್ಕಳು ಸಾಲಾಗಿ ಕೂತು, ಟೀಚರ್ ಹೇಳಿಕೊಟ್ಟಿದ್ದ ಸ್ವಾಗತವನ್ನು ಒಂದೇ ಉಸಿರಿಗೆ ಒಪ್ಪಿಸಿದವು. ಟೀಚರ್ ತಗ್ಗಿದ ದನಿಯಲ್ಲಿ, "ಆ ಕಂಬದ ಹತ್ತಿರ ಕೂತಿದ್ದಾಳಲ್ಲ, ಅನುಶ್ರೀ. ಓದೋದರಲ್ಲಿ ಚುರುಕು. ಆದರೆ ಹೋದ ವರ್ಷ ಅವಳ ಪ್ರಬಂಧದ ತಪ್ಪಿಗೆಲ್ಲ ನಾನು ಕೆಂಪು ಗೀಟು ಹಾಕಿದೆ ನೋಡಿ, ಅಲ್ಲಿಂದ ಖಾಲಿ ಹಾಳೆ ಕೊಡ್ತಾಳೆ. ಇವತ್ತೂ ಬರೀಲಿಲ್ಲ ಅಂದ್ರೆ ಇನ್ನು ಬರೆಯೋದಿಲ್ಲ ಅನ್ನಿಸ್ತದೆ" ಎಂದರು.

"ನೋಡೂಣಂತ!" ಎಂದಳು ಗೌರಕ್ಕ ತನ್ನ ಗುಟ್ಟಿನ ದನಿಯಲ್ಲಿ. ಶಾಲೆಯೆಲ್ಲ ತಿರುಗಿ ನೋಡಿತು.

ಕಥೆ ಶುರುವಾಯಿತು. ಒಂದು ಊರಿನಲ್ಲಿ ಜನ ಬೆಳಿಗ್ಗೆ ಎದ್ದು ನೋಡುತ್ತಾರೆ, ಕೆರೆಯಲ್ಲಿ ಹನಿ ನೀರಿಲ್ಲ. ನಿನ್ನೆ ತುಂಬಿ ತುಳುಕುತ್ತಿದ್ದ ಕೆರೆ! ಗೌರಕ್ಕ ಸೆರಗು ಸಿಕ್ಕಿಸಿಕೊಂಡು ಊರಗೌಡನಾದಳು, ಕಪ್ಪೆಯಾದಳು, ಕೊಡ ಹಿಡಿದು ಬೈಯುವ ಅತ್ತೆಯಾದಳು. ಮಕ್ಕಳು ಸಾಲು ಮುರಿದು ಮುಂದೆ ಮುಂದೆ ಜರುಗಿದವು. ಹಿಂದೆ ಅವಲಕ್ಕಿ ತಿನ್ನುತ್ತಿದ್ದ ಉಲ್ಲಾಸನೂ ಜರುಗಿದ. ಅಷ್ಟರಲ್ಲಿ ಗೌರಕ್ಕ ಟಪ್ಪೆಂದು ಕೂತುಬಿಟ್ಟಳು.

"ಮುಗೀತು. ನೀರು ಕುಡದವರು ಯಾರು? ಬಾಲ ನೀವ ಹಚ್ಚರಿ."

"ಮೊಸಳೆ!" "ರಾಕ್ಷಸ!" "ಸೂರ್ಯ!" ಎಂದು ಕೂಗಾಟವೆದ್ದಿತು. "ಪಂಚಾಯ್ತಿ ಪಂಪು!" ಎಂದ ತಿಮ್ಮ ಎಂಬ ಹುಡುಗ, ಅವನ ಅಪ್ಪ ಪಂಚಾಯ್ತಿ ಮೆಂಬರು.

"ಬಾಯಿಲೆ ಬ್ಯಾಡ, ಬರದು ಕೊಡ್ರಿ!"

ತರಗತಿ ಹಾಳೆಯ ಮೇಲೆ ಬಗ್ಗಿತು. ಉಲ್ಲಾಸ ಕಂಬದ ಕಡೆ ಕತ್ತು ಚಾಚಿದ. ಅನುಶ್ರೀ ಪೆನ್ಸಿಲ್ ಕಚ್ಚಿದಳು, ಟೀಚರ್ ಕಡೆ ನೋಡಿದಳು, ಮತ್ತೆ ಕಚ್ಚಿದಳು. ಆಮೇಲೆ ಒಮ್ಮೆಲೇ ಬಗ್ಗಿ ಬರೆಯತೊಡಗಿದಳು. ಪ್ರತಿಭಾ ಟೀಚರ್ ಉಲ್ಲಾಸನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಅರ್ಧ ಅವಲಕ್ಕಿ ಚೆಲ್ಲಿತು.

ಹಾಳೆಗಳನ್ನು ಕಲೆಹಾಕಿದ ಗೌರಕ್ಕ ಅನುಶ್ರೀಯದನ್ನೇ ಮೊದಲು ಎತ್ತಿಕೊಂಡಳು. ಕನ್ನಡಕ ಏರಿಸಿ ತನ್ನ ಗಿರಣಿ ದನಿಯಲ್ಲಿ ಓದಿದಳು: "ಆನಿ ಕೆರಿಗೆ ಹೋತು. ಆನಿ ಒಂದ ಗುಟುಕಿಗೆ ನೀರೆಲ್ಲಾ ಕುಡೀತು. ಶಬಾಶ್! ಆನಿ ಮನಿಗೆ ಬಂತು. ಆನಿ ಅಮ್ಮನ ಹತ್ರ ಎರಡು ಜಡಿ ಹಾಕಿಸಿಕೊಂತು..."

ಮಕ್ಕಳು ಬಿದ್ದು ಬಿದ್ದು ನಕ್ಕವು. ಹಾಳೆಯಲ್ಲಿ ಆನೆ ಇರಲೇ ಇಲ್ಲ. ಇದ್ದದ್ದು 'ಆನು.' ಆ ಕಡೆಯ ಎಷ್ಟೋ ಮನೆಗಳಲ್ಲಿ 'ನಾನು' ಎನ್ನುವುದಕ್ಕೆ ಆಡುವ ಮಾತು ಅದು. ಬನವಾಸಿಯ ಗೌರಕ್ಕ ಅದನ್ನು ಕಾಗುಣಿತ ತಪ್ಪಿದ ಆನೆ ಎಂದುಕೊಂಡು, ಕ್ರಿಯಾಪದಗಳನ್ನೂ ಧಾರಾಳವಾಗಿ ತಿದ್ದಿಕೊಂಡು ಓದುತ್ತಿದ್ದಳು. ಸಿದ್ದಾಪುರದ ಕಡೆ ಇದೇ ಮಾತು ಕೇಳಿ ಬೆಳೆದ ಉಲ್ಲಾಸನಿಗೆ ಇದು ತಕ್ಷಣ ಗೊತ್ತಾಯಿತು. ಹೇಳಬೇಕಾದ ಹೊತ್ತಿಗೆ ಅವನ ಬಾಯಲ್ಲಿ ಅವಲಕ್ಕಿ ಇತ್ತು.

ಅನುಶ್ರೀ ಎದ್ದು ಬಂದಳು. ಮುಖ ಕೆಂಪಾಗಿತ್ತು. "ಹಾಳೆ ಕೊಡಿ. ಹರಿದು ಹಾಕ್ತೆ."

"ಯಾಕವಾ? ಆನಿ ಭಾಳ ಚಂದ ಐತಿ!"

"ಅದು ಆನೆ ಅಲ್ಲ, ಆನು!"

"ಆನು ಅಂದ್ರ ಯಾರು?"

"ಆನು ಅಂದ್ರೆ ಆನು!" ಹುಡುಗಿ ಎದೆ ತಟ್ಟಿಕೊಂಡಳು.

"ಅಂದ್ರ... ನೀನು?"

"ನೀನು ಅಲ್ಲ, ಆನು!"

ನಗು ಮತ್ತೆ ಏರಿತು. ಪ್ರತಿಭಾ ಟೀಚರ್ ಮುಂದೆ ಬಂದು, "ಅದಕ್ಕೇ ಅಲ್ವಾ ಅನುಶ್ರೀ ನಾನು ಗೀಟು ಹಾಕಿದ್ದು? ಬರೆಯುವಾಗ 'ನಾನು' ಅಂತ ಬರೀಬೇಕು" ಎಂದರು. ಹುಡುಗಿಯ ಕೈ ಹಾಳೆಯ ಒಂದು ಮೂಲೆಯಲ್ಲಿ, ಗೌರಕ್ಕನ ಕೈ ಇನ್ನೊಂದು ಮೂಲೆಯಲ್ಲಿ. ಎಳೆದರೆ ಹರಿಯಬೇಕು.

ಗೌರಕ್ಕ ಎಳೆಯಲಿಲ್ಲ. ಕನ್ನಡಕ ತೆಗೆದು ಹುಡುಗಿಯನ್ನೇ ದಿಟ್ಟಿಸಿದಳು. "ತಡಿ ತಡಿ. ಹಂಗಾರ ಕೆರಿ ಕುಡದಾಕಿ ನೀನ?"

ಅನುಶ್ರೀ ತಲೆಯಾಡಿಸಿದಳು.

"ಅಯ್ಯ ಕಳ್ಳೀ! ಉಳಿದವರೆಲ್ಲ ಮೊಸಳಿ ಮ್ಯಾಲೆ, ಸೂರ್ಯನ ಮ್ಯಾಲೆ ಹಾಕ್ಯಾರ. ನಾ ಕುಡದೆ ಅಂತ ಒಪ್ಪಿಕೊಂಡಾಕಿ ನೀ ಒಬ್ಬಾಕಿ! ನನ್ನ ಬಾಯಾಗ ನಿನ್ನ ಕಥಿ ಕೆಟ್ಟು ಹೋತು. ನೀನ ಓದು." ಎಂದು ಹಾಳೆ ಬಿಟ್ಟುಕೊಟ್ಟಳು. ಟೀಚರ್ ಕಡೆ ತಿರುಗಿ, "ಟೀಚರ್, ಇದರಾಗ 'ನಾನು' ಅಂತ ಹಾಕಿದ್ರ ನಾ ಕುಡದಂಗ ಆಕ್ಕತಿ, ನೀವು ಕುಡದಂಗ ಆಕ್ಕತಿ. 'ಆನು' ಅಂದ್ರನ ಇಕಿ ಕುಡದಂಗ. ಪರೀಕ್ಷಾದಾಗ 'ನಾನು' ಬರೀಲಿ. ಕೆರಿ ಮಾತ್ರ 'ಆನು' ಕುಡೀಲಿ" ಎಂದಳು.

ಟೀಚರ್ ತಾವೂ ನಕ್ಕುಬಿಟ್ಟರು. "ಓದು" ಎಂದರು.

ಹಾಳೆ ಇನ್ನೂ ಹುಡುಗಿಯ ಕೈಯಲ್ಲಿತ್ತು, ಹರಿಯಬಹುದಿತ್ತು. "ಆನು ಕೆರೆಗೆ ಹೋದಿ," ಎಂದಿತು ಸಣ್ಣ ದನಿ. "ಕೇಳ್ತಿಲ್ಲೆ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಆನು ಕೆರೆಗೆ ಹೋದಿ!" ಎಂದು ಅನುಶ್ರೀ ಕಿರುಚಿದಳು. "ಆನು ಒಂದೇ ಗುಟುಕಿಗೆ ನೀರೆಲ್ಲ ಕುಡದಿ! ಆನು ಯಾರಿಗೂ ಹೆದ್ರಿದ್ನಿಲ್ಲೆ!"

ಚಪ್ಪಾಳೆಗೆ ಹೆಂಚಿನ ಮೇಲಿದ್ದ ಕಾಗೆ ಹಾರಿಹೋಯಿತು. ಮಕ್ಕಳು ಗೌರಕ್ಕನ ಮೇಲೆ ಮುಗಿಬಿದ್ದು ಕೊಟ್ಟ ಹಾಳೆಗಳನ್ನು ವಾಪಸ್ ಕೇಳಿದವು. ಮೊಸಳೆಗೆ ಅಡ್ಡಗೀಟು ಬಿತ್ತು, ರಾಕ್ಷಸನಿಗೂ ಬಿತ್ತು. ಎಲ್ಲರೂ ತಾವೇ ಕೆರೆ ಕುಡಿಯಲು ಹೊರಟರು. "ಟೀಚರ್, ನಂದೂ ನಮ್ಮನೆ ಮಾತಲ್ಲೇ ಬರೀಲಾ?" ಎಂದ ತಿಮ್ಮ, ಪಂಪನ್ನು ಕೈಬಿಟ್ಟು. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಗೆ ಎದ್ದವರು ನೇರ ವ್ಯಾನಿಗೆ ಬಂದರು. ಉಲ್ಲಾಸ ಹಗ್ಗ ಬಿಚ್ಚುವ ಮೊದಲೇ, ಮಾರಲು ತಂದಿದ್ದ ಪುಸ್ತಕದ ಗಂಟುಗಳು ಬಿಚ್ಚಿದ್ದವು. ದಾಸ್ತಾನು ನೋಡಿಕೊಳ್ಳಬೇಕಾದ ನೌಕರ ತಾನೂ ಒಂದು ಪುಸ್ತಕ ಹಿಡಿದು ಚಕ್ರದ ಪಕ್ಕ ಕೂತಿದ್ದ. ಆ ಕೆಲಸಕ್ಕೆ ಅವನಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ.

ಹೊರಡುವಾಗ ಅನುಶ್ರೀ ವ್ಯಾನಿನ ಬಾಗಿಲು ಹಿಡಿದು ನಿಂತಳು. ಹಾಳೆ ಎದೆಗೆ ಒತ್ತಿಕೊಂಡಿದ್ದಳು.

"ಖರೆ ಹೇಳವು," ಎಂದಳು. "ಯನ್ನ ಕಥೆ ಚೊಲೋ ಇದ್ದ, ನಿಂಗಳ ಕಥೆಯ?"

ಯಾರ ಕಥೆ ಹೆಚ್ಚು ಚೆನ್ನ ಎಂಬ ಆ ಪ್ರಶ್ನೆಗೆ ಟೀಚರ್ ಗಾಬರಿಯಾಗಿ, "ಏ, ಹಾಗೆಲ್ಲ ಕೇಳಬಾರದು!" ಎಂದರು. 'ನಿಂದೇ ಪುಟ್ಟೀ' ಎಂಬ ಸಿಹಿ ಉತ್ತರವನ್ನು ಉಲ್ಲಾಸ ಮನಸ್ಸಿನಲ್ಲೇ ತಯಾರು ಮಾಡಿ ಗೌರಕ್ಕನ ಮುಖ ನೋಡಿದ.

"ನಂದು," ಎಂದಳು ಗೌರಕ್ಕ. "ನೀರೇನೋ ಪೂರಾ ಕುಡದಿ. ಮೀನು ಏನಾದ್ವು ಅಂತ ಬರದೇ ಇಲ್ಲಲ್ಲ?"