ಮಣ್ಣು ಮೂಸಿ ಬಕೆಟ್ ಗೊತ್ತುಮಾಡುವ ಸೋಮಯ್ಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಣಜನೂರಿನ ಆಚೆ, ಎರಡು ಗುಡ್ಡಗಳ ನಡುವೆ ಕಟ್ಟುತ್ತಿರುವ ಕಟ್ಟೆಯ ಬಯಲಿನಲ್ಲಿ ಒಬ್ಬರೇ ಒಬ್ಬರು ಓಡಾಡುತ್ತಿದ್ದಾರೆ. ತಲೆಗೆ ಟವೆಲ್ಲು, ಹೆಗಲ ಮೇಲೆ ಹಾರೆ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ನೀರಿಗೆ ಬಂದು ಹೋದ ಆನೆಯ ಹೆಜ್ಜೆಯೊಂದರ ಬಳಿ ಕುಕ್ಕರಗಾಲಲ್ಲಿ ಕೂತು, ಆ ಗುಳಿಯೊಳಗೆ ಕೈ ಇಳಿಸುತ್ತಾರೆ. ಮಣಿಕಟ್ಟು ಮುಳುಗುತ್ತದೆ.

"ಆನೆನೇ ಇಷ್ಟು ಇಳ್ದದ ಅಂದ್ರ, ಮಿಸನ್ನು ನಿಂತದಾ?" ಎನ್ನುತ್ತಾರೆ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ.

ಇವರು ಚಂದಕವಾಡಿಯ ಸೋಮಯ್ಯ. ವಯಸ್ಸು ಐವತ್ತರ ಆಸುಪಾಸು. ಬಾಡಿಗೆಗೆ ತರಿಸಿರುವ ಮಣ್ಣು ತೋಡುವ ಯಂತ್ರಕ್ಕೆ, ಅವರ ಬಾಯಲ್ಲಿ ಮಿಸನ್ನಿಗೆ, ಎಲ್ಲಿ ಯಾವ ಬಕೆಟ್ ಹಾಕಬೇಕೆಂದು ಗೊತ್ತುಮಾಡುವುದು ಇವರ ಕೆಲಸ. ಯಂತ್ರದ ಜೊತೆ ಮೂರು ಬಗೆಯವು ಬಂದಿವೆ. ಕೆಳಗೆ ನಿಂತು ದಿಬ್ಬವನ್ನು ಎದುರಿನಿಂದ ಗೋರುವುದಕ್ಕೆ ಹಲ್ಲಿನ ಬಕೆಟ್. ದಿಬ್ಬದ ಮೇಲೆ ನಿಂತು, ತಗ್ಗಿಗೆ ಬೀಸಿ, ಉಕ್ಕಿನ ಹಗ್ಗದಲ್ಲಿ ಎಳೆದುಕೊಳ್ಳುವುದಕ್ಕೆ ಎಳೆಯುವ ಬಕೆಟ್. ಇಕ್ಕಟ್ಟಾದ ಗುಂಡಿಗೆ, ದವಡೆ ತೆರೆದು ಕಚ್ಚುವ ಇನ್ನೊಂದು. ಒಂದನ್ನು ಬಿಚ್ಚಿ ಇನ್ನೊಂದನ್ನು ಹೂಡಲು ಆರು ಆಳಿಗೆ ಇಡೀ ದಿನ ಬೇಕು. ಅಷ್ಟು ಹೊತ್ತೂ ಯಂತ್ರ ಸುಮ್ಮನೆ ನಿಂತಿರುತ್ತದೆ.

ದಿನಕ್ಕೆ ನಾಲ್ಕು ಗುಳಿ ತೋಡುತ್ತಾರೆ, ಒಂದೊಂದೂ ಎದೆಮಟ್ಟ. ಒಳಗಿಳಿದು ಮಣ್ಣನ್ನು ಹಿಸುಕಿ, ಮೂಸಿ ನೋಡುತ್ತಾರೆ. "ಕಲ್ಲು ಬೆರ್ತಿದ್ರ ಹಾರೆ ಖಣ್ ಅಂತದ. ಜೇಡಿಮಣ್ಣು ಹಾರೆನೇ ಇಡ್ಕಂಡ್ಬುಡ್ತದ. ನೀರು ಹತ್ರ ಇದ್ರ ವಾಸ್ನೆನೇ ಬ್ಯಾರೆ," ಎನ್ನುತ್ತಾರೆ.

ಈ ವಿದ್ಯೆ ಬಂದಿದ್ದು ಬಾವಿಯಿಂದ. ಏಳು ಜನರ ಗುಂಪು ಅವರದು. ಇಪ್ಪತ್ತು ವರ್ಷ ಊರೂರು ತಿರುಗಿ ಬಾವಿ ತೋಡಿದರು. ಒಂದು ದಿನ ತೋಡುತ್ತಿದ್ದ ಬಾವಿಯ ಮಗ್ಗುಲು ಕುಸಿದು ಸೋಮಯ್ಯನವರ ಅಣ್ಣ ಮಾದೇವನ ಮೇಲೆ ಬಿತ್ತು. ಸೋಮಯ್ಯ ಮತ್ತು ಗೆಳೆಯ ಹುಚ್ಚಯ್ಯ ಸಂಜೆಯವರೆಗೆ ಬರಿಗೈಯಲ್ಲಿ ಮಣ್ಣು ಬಗೆದು ಹೆಣ ತೆಗೆದರು. "ಆವತ್ತು ಬೆಳಿಗ್ಗೇನೇ ನಂಗ ನೀರ್ನ ವಾಸ್ನೆ ಬಂದಿತ್ತು. ಕೆಲ್ಸ ನಿಂತೋಯ್ತದ ಅಂತ ನಾನು ಯೋಳ್ನಿಲ್ಲ," ಎನ್ನುತ್ತಾರೆ ಸೋಮಯ್ಯ.

ಎರಡು ವರ್ಷದ ಹಿಂದೆ ಕಟ್ಟೆಯ ಕೆಲಸ ಶುರುವಾದಾಗ ಗುಂಪಿನಲ್ಲಿ ಉಳಿದಿದ್ದ ಆರೂ ಜನ ಇಲ್ಲಿಗೆ ಬಂದರು. ಯಂತ್ರವೂ ಬಂತು. ಇಪ್ಪತ್ತು ಆಳು ವಾರವೆಲ್ಲ ಅಗೆಯುವ ಮಣ್ಣನ್ನು ಅದು ಒಂದು ಬೆಳಿಗ್ಗೆಯಲ್ಲಿ ಅಗೆದು ಹಾಕಿತು. ಗುದ್ದಲಿ ಹಿಡಿದಿದ್ದವರ ತಲೆಗೆ ಮಣ್ಣು ಹೊರುವ ಮಂಕರಿ ಬಂತು. ಸೋಮಯ್ಯನವರನ್ನು ಮಾತ್ರ ಓವರ್ಸಿಯರ್ ಗಂಗಾಧರಸ್ವಾಮಿ ಯಂತ್ರದ ಕಡೆಗೆ ಕರೆದುಕೊಂಡರು. ಅಂದಿನಿಂದ ಹುಚ್ಚಯ್ಯನ ಗುಂಪು ಇವರೊಡನೆ ಮಾತು ಬಿಟ್ಟಿತು. ಯಂತ್ರದವರು ತಮಿಳಿನಲ್ಲಿ ಮಾತಾಡಿಕೊಂಡು ತಮ್ಮ ಪಾಡಿಗೆ ತಾವು ನಗುತ್ತಾರೆ. ಹೆಂಡತಿ ಚಿಕ್ಕನಿಂಗಮ್ಮ ತೀರಿಕೊಂಡು ನಾಲ್ಕು ವರ್ಷ; ಮಕ್ಕಳಿಲ್ಲ. ಸೋಗೆಯ ಗುಡಿಸಲಿನಲ್ಲಿ ಒಬ್ಬರಿಗಾಗುವಷ್ಟೇ ಹಿಟ್ಟು ತೊಳಸಿಕೊಳ್ಳುತ್ತಾರೆ.

ಹೋದ ತಿಂಗಳು ತೂಬಿನ ಮಗ್ಗುಲ ದಿಬ್ಬ ಅಗೆಯಬೇಕಾಗಿ ಬಂತು. ಯಂತ್ರಕ್ಕೆ ಹಲ್ಲಿನ ಬಕೆಟ್ ಹೂಡಿತ್ತು. ಅದು ದಿಬ್ಬದ ಬುಡದಲ್ಲಿ ನಿಂತು ಗೋರಬೇಕು. ಮಂಕರಿಯವರೂ ಅದರ ಪಕ್ಕದಲ್ಲೇ ನಿಂತು ತುಂಬಿಕೊಳ್ಳಬೇಕು. ಸೋಮಯ್ಯ ಗುಳಿ ತೋಡಿ ಮೂಸಿದರು. ಬಾವಿಯ ಆ ಬೆಳಗಿನ ವಾಸನೆ.

"ಬ್ಯಾಡಿ ಬುದ್ದಿ. ದಿಬ್ಬದ ವಳ್ಗ ನೀರದ. ಎಳ್ಯೋ ಬಕೆಟ್ ಆಕ್ಸಿ, ಮ್ಯಾಗಿಂದ ತಗಿಯನ," ಎಂದರು ಓವರ್ಸಿಯರಿಗೆ.

"ಹೂಡಿರೋದನ್ನ ಬಿಚ್ಚಿದ್ರೆ ಒಂದು ದಿನ ಹಾಳು ಸೋಮಯ್ಯ. ಮೇಲಿನವರಿಗೆ ನಾನೇನು ಹೇಳಲಿ?"

ಯಂತ್ರ ಗುರುಗುಟ್ಟಿಕೊಂಡು ಮುಂದಕ್ಕೆ ಬಂತು. ಸೋಮಯ್ಯ ಹೋಗಿ ಅದರ ಎದುರಿಗೆ ನೆಲದ ಮೇಲೆ ಕೂತುಬಿಟ್ಟರು. ಡ್ರೈವರ್ ಕೂಗಿದ, ಬೈದ, ಕಡೆಗೆ ಎಂಜಿನ್ ಆರಿಸಿದ. ಅರ್ಧ ಗಂಟೆಯಾದರೂ ಅವರು ಏಳಲಿಲ್ಲ. ಓವರ್ಸಿಯರೇ ಸೋತು, "ಬಿಚ್ಚಿ ಮತ್ತೆ," ಎಂದರು. ಮಂಕರಿಯವರಿಗೆ ಅಂದು ಕೆಲಸವೂ ಕೂಲಿಯೂ ಇಲ್ಲದಂತಾಯಿತು. "ನಮ್ ಒಟ್ಟೆ ಮ್ಯಾಗ ಕುಂತವ್ನ ಕಣ್ಲಾ," ಎಂದು ಹುಚ್ಚಯ್ಯ ಎಲ್ಲರಿಗೂ ಕೇಳುವಂತೆ ಅಂದು, ಉಗಿದು ನಡೆದ.

ಮೂರನೆಯ ದಿನ ಹೊತ್ತು ಏರುವಾಗ ದಿಬ್ಬದ ಇಡೀ ಮಗ್ಗುಲು ಸದ್ದಿಲ್ಲದೆ ಜಾರಿತು. ಹಲ್ಲಿನ ಬಕೆಟ್ ಇದ್ದಿದ್ದರೆ ಯಂತ್ರ ನಿಲ್ಲುತ್ತಿದ್ದ ಜಾಗದಲ್ಲಿ ಎರಡಾಳುದ್ದ ಕೆಸರು ಬಂದು ನಿಂತಿತು. ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಯಂತ್ರ, ಮಂಕರಿ, ಜನ, ಎಲ್ಲವೂ ಮೇಲೆ, ಗಟ್ಟಿ ನೆಲದ ಮೇಲಿದ್ದವು. ಓವರ್ಸಿಯರ್ ಟೋಪಿ ತೆಗೆದು ಮುಖ ಒರೆಸಿಕೊಂಡರು.

ಮಧ್ಯಾಹ್ನ ಸೋಮಯ್ಯ ಮುದ್ದೆಯ ಗಡಿಗೆ ಮುಂದಿಟ್ಟುಕೊಂಡು ಕೂತಿದ್ದರು. ಇನ್ನೂ ಮುದ್ದೆ ಮುರಿದಿರಲಿಲ್ಲ. ಗುಡಿಸಲಿನ ಬಾಗಿಲಲ್ಲಿ ನೆರಳಾಡಿತು. ಹುಚ್ಚಯ್ಯ.

"ಉಂಡ್ಯಾಲಾ ಸೋಮ?"

"ಊಂ ಕಣ, ಉಂಡಿ."

ಹುಚ್ಚಯ್ಯ ಇನ್ನಷ್ಟು ಹೊತ್ತು ನಿಂತಿದ್ದು, ತಲೆಯಾಡಿಸಿ ಹೊರಟುಹೋದ.

ಬರುವ ತಿಂಗಳು ಯಂತ್ರ ಹಂಗಳದ ಕಡೆಗೆ ಹೋಗಲಿದೆ. ಸೋಮಯ್ಯನವರೂ ಅದರ ಹಿಂದೆ ಹೋಗಬೇಕು. ಮಂಕರಿಯವರು ಇಲ್ಲೇ ಉಳಿಯುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಸೋಮಯ್ಯ ಅಂಗೈಯ ಮಣ್ಣು ಉಜ್ಜಿಕೊಳ್ಳುತ್ತಾ ಮಂಕರಿಯವರಿರುವ ಬಯಲಿನ ಆ ತುದಿಯನ್ನು ನೋಡುತ್ತಾರೆ.

"ಎಲ್ಡು ವರ್ಸ ಆದ್ಮ್ಯಾಲ ಹುಚ್ಚಯ್ಯ ಒಂದು ಮಾತ ಕೇಳ್ದ. ನಾನು ಉಂಡಿ ಅಂತ ಯಾಕ್ ಅಂದ್ನೋ ಕಾಣಿ. ನಾನು ವರಡಾದ್ರೊಳ್ಗ ಇನ್ನೊಂದ್ಸಲ ಕೇಳ್ಳಿ ಸಾಕು. ಇಲ್ಲ ಕಣ್ಲಾ, ಇನ್ನೂ ಉಂಡಿಲ್ಲ, ಬಾ ಕೂತ್ಕ ಅಂತಿನಿ."