ಉಂಗುರದೊಳಗಿನ ಚುಕ್ಕೆ

ಆ ಮುದ್ರಣಾಲಯದಲ್ಲಿ ಫೋಟೊ ತಿದ್ದುವವನ ಅಳಿಯ ಅಲ್ಲೇ ಅಚ್ಚಿನ ತಗಡು, ಅಂದರೆ ಪ್ಲೇಟು, ಮಾಡುತ್ತಿದ್ದ. ಹಾಗಾಗಿ ಫೋಟೊ ತಿದ್ದುವವನನ್ನು ಅಲ್ಲಿ ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು, ಅವನಿಗಿಂತ ಹಿರಿಯನಾದ ಮಾಲೀಕನೂ ಸಹ. ಕಿಟಕಿ ಪಕ್ಕದ ಮೇಜು, ಒಂದು ಭೂತಗನ್ನಡಿ, ಕೂದಲೆಳೆಯಂಥ ಕುಂಚ, ಇಷ್ಟೇ ಮಾವನ ಸಾಮ್ರಾಜ್ಯ. ಅಚ್ಚಿಗೆ ಹೋಗುವ ಫೋಟೊಗಳ ಗೀರು ಮುಚ್ಚುವುದು, ದೂಳಿನ ಚುಕ್ಕೆ ಅಳಿಸುವುದು ಅವನ ಕಸುಬು. ಮದುಮಗನ ಮೊಡವೆಯಿಂದ ಹಿಡಿದು ಮಂತ್ರಿಯ ಕೋಟಿನ ಕಲೆಯವರೆಗೆ ಅವನ ಕೈಗೆ ಸಿಕ್ಕಿ ಬದುಕಿದ್ದು ಯಾವುದೂ ಇಲ್ಲ. ಮಾವ ಒಂದು ಚುಕ್ಕೆ ಬಿಟ್ಟ ಎಂಬ ಮಾತು ಇದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಆ ಹೆಸರೆಂದರೆ ಅವನಿಗೆ ಪ್ರಾಣ.

ಒಮ್ಮೆ ಮಕ್ಕಳ ವಿಜ್ಞಾನದ ಪುಸ್ತಕ ಬಂತು. ಅದರಲ್ಲಿ ಶನಿಗ್ರಹದ ಉಂಗುರವನ್ನು ಹತ್ತಿರದಿಂದ ತೆಗೆದ ಫೋಟೊ. ಪುಸ್ತಕ ಬರೆದ ಟೀಚರಮ್ಮನ ಹತ್ತಿರ ಇದ್ದದ್ದು ಅದೊಂದೇ ಪ್ರತಿ. ಹೊರ ಅಂಚಿನ ಬಳಿ ಉದ್ದಕ್ಕೂ ಒಂದು ಕಪ್ಪು ಗೀರು, ಗೀರಿನೊಳಗೆ ಒಂದು ಬಿಳಿ ಚುಕ್ಕೆ. ಜೋಪಾನ ಮಾಡಲು ಬಾರದ ಜನ ಎಂದು ಗೊಣಗುತ್ತ ಮಾವ ಗೀರಿಗೆ ಬಿಳಿ ಬಣ್ಣ ತುಂಬಿದ. ಚುಕ್ಕೆಯೂ ಅದರಡಿ ಮುಚ್ಚಿಹೋಯಿತು.

ಮರುದಿನ ಟೀಚರಮ್ಮ ಬಂದವರೇ ಫೋಟೊ ನೋಡಿ ತಲೆ ಮೇಲೆ ಕೈ ಹೊತ್ತರು. ಅಳಿಯ ಆಗ ಊಟಕ್ಕೆ ಹೋಗಿದ್ದ.

"ಅಯ್ಯೋ ಮಾವ, ಅದು ಗೀರಲ್ಲ, ಸಂದು! ಉಂಗುರ ಅಂದ್ರೆ ತಗಡಲ್ಲ. ಲೆಕ್ಕವಿಲ್ಲದಷ್ಟು ಹಿಮದ ತುಂಡುಗಳು, ಒಂದೊಂದೂ ತನ್ನ ಪಾಡಿಗೆ ಸುತ್ತುತ್ತೆ."

"ತುಂಡು ಎಲ್ಲಿಂದ ಬಂತಮ್ಮ?"

"ಯಾವುದೋ ಚಂದ್ರ ಗ್ರಹಕ್ಕೆ ತೀರಾ ಹತ್ತಿರ ಹೋಗಿರ್ಬೇಕು. ಹತ್ತಿರದ ಮಗ್ಗುಲಿಗೆ ಎಳೆತ ಜಾಸ್ತಿ, ಆಚೆ ಮಗ್ಗುಲಿಗೆ ಕಮ್ಮಿ. ತಡ್ಕೊಳ್ಳದೆ ಪುಡಿಪುಡಿ ಆಯ್ತು. ಹಾಗಂತಾರೆ, ನೋಡಿದೋರು ಯಾರಿದಾರೆ?"

"ಮತ್ತೆ ಇಷ್ಟು ಬೆಳ್ಳಗೆ?"

"ಹೆಚ್ಚುಕಮ್ಮಿ ಬರೀ ಹಿಮ, ಅದಕ್ಕೇ ಬೆಳಕು ಬಿದ್ರೆ ಹೊಳೆಯುತ್ತೆ. ಬೇರೆ ಕೆಲವು ಗ್ರಹಗಳ ಉಂಗುರ ಇದ್ದಿಲ ಹಾಗೆ ಕಪ್ಪು, ಕಾಣೋದೇ ಕಷ್ಟ. ನೀವು ಮುಚ್ಚಿದ ಚುಕ್ಕೆ ಇದೆಯಲ್ಲ, ಅದೊಂದು ಪುಟ್ಟ ಚಂದ್ರ. ಅದು ಸುತ್ತೋ ದಾರೀಲಿ ತುಂಡುಗಳನ್ನ ಆಚೀಚೆ ಸರಿಸುತ್ತೆ. ಸಂದು ಇರೋದೇ ಅದರಿಂದ."

ಮಾವನ ಮುಖ ಸಪ್ಪಗಾಯಿತು. ಮಾಲೀಕ ಒಳಗಿನಿಂದಲೇ ಕೂಗಿದ, "ಮಕ್ಕಳಿಗೇನು ಗೊತ್ತಾಗುತ್ತೆ, ಬಿಡಿ! ಈ ಶನಿ ನಮ್ಮ ಹೆಗಲಿಂದ ಇಳಿದ್ರೆ ಸಾಕು." ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಒದ್ದೆ ಹತ್ತಿಯನ್ನು ಬಿಳಿ ಬಣ್ಣದ ಮೇಲೆ ಉಸಿರು ಬಿಗಿಹಿಡಿದು ಒತ್ತಿದ. ಫೋಟೊ ಕೆಟ್ಟರೆ ಇನ್ನೊಂದಿಲ್ಲ. ಬಣ್ಣ ಬಿಟ್ಟಿತು, ಸಂದು ಕಂಡಿತು, ಆಮೇಲೆ ಚುಕ್ಕೆಯೂ ಕಂಡಿತು. ಟೀಚರಮ್ಮ ಸಮಾಧಾನದಿಂದ ಮನೆಗೆ ಹೋದರು.

ಅಚ್ಚು ಶುರುವಾದ ದಿನ ಅಳಿಯ ಬಿಸಿಬಿಸಿ ಹಾಳೆಯೊಂದನ್ನು ತಂದು ಮಾವನ ಕಿವಿಯಲ್ಲಿ ಪಿಸುಗುಟ್ಟಿದ.

"ಸಂದು ಇರಬೇಕು ಅಂದಿದ್ರಿ, ಸರಿ. ಅದರೊಳಗೆ ಒಂದು ಚುಕ್ಕೆ ಉಳಿದುಬಿಟ್ಟಿತ್ತು ಮಾವ. ಪ್ಲೇಟಲ್ಲೇ ತುಂಬಿ ಮುಚ್ಚಿಬಿಟ್ಟೆ. ಯಾರಿಗೂ ಹೇಳಿಲ್ಲ, ನಿಮ್ಮ ಹೆಸರು ಕೆಡಬಾರದಲ್ಲ."

ಮಾವ ಹಾಳೆ ನೋಡಿದ. ಸಂದು ಖಾಲಿ. ಆಚೆ ಯಂತ್ರ ಹಾಳೆಯ ಮೇಲೆ ಹಾಳೆ ಉದುರಿಸುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ, ಹೆಸರೂ ಉಳಿಯುತ್ತಿತ್ತು. ಮಾಲೀಕನ ಹೊರತು ಇನ್ಯಾರೂ ಮುಟ್ಟದ ಗುಂಡಿಯನ್ನು ಮಾವ ಹೋಗಿ ಒತ್ತಿದ. ಯಂತ್ರ ನಿಂತಿತು.

ಮಾಲೀಕ ಧಾವಿಸಿ ಬಂದ. "ಏನಾಯ್ತು?"

"ತಪ್ಪಾಗಿದೆ. ಪ್ಲೇಟು ಮತ್ತೆ ಮಾಡ್ಬೇಕು."

"ಯಾರ ತಪ್ಪು?"

ಅಳಿಯನ ಮುಖ ಬಿಳುಚಿಕೊಂಡಿತು. ಮಾವ ಅವನ ಹೆಗಲ ಮೇಲೆ ಕೈಯಿಟ್ಟ.

"ನಂದೇ. ಚುಕ್ಕೆ ಕಂಡ್ರೆ ಅಳ್ಸು ಅಂತ ಇವನಿಗೆ ಕಲ್ಸಿದ್ದು ನಾನೇ."